ಹಣದ ಪುಸ್ತಕಗಳೂ ನಮ್ಮ ಮನೆಯ ಲೆಕ್ಕವೂ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಈ ಶಾಲೆಯಲ್ಲಿ 1980ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವಳು. ಆಮೇಲೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ ಮಾಡಿದೆ. ಸಮಿತಿಯವರು ಶಾಲೆಯ ನೆನಪುಗಳ ಬಗ್ಗೆ ಮಾತಾಡಿ ಅಂದರು. ನೆನಪುಗಳನ್ನು ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿ ಬಹಳ ಜನ ಇದ್ದಾರೆ. ಆದ್ದರಿಂದ ನನ್ನ ಕಸುಬಿನಲ್ಲಿ ನಾನು ಕಂಡ ಒಂದು ವಿಷಯವನ್ನು ತಮ್ಮ ಮುಂದೆ ಇಡುತ್ತೇನೆ.

ಗ್ರಂಥಾಲಯದಲ್ಲಿ ಯಾವ ಪುಸ್ತಕ ಓಡುತ್ತದೆ ಎನ್ನುವುದನ್ನು ತಿಳಿಯಲು ದಾಖಲೆ ಪುಸ್ತಕವನ್ನೇ ನೋಡಬೇಕಾಗಿಲ್ಲ. ರಟ್ಟು ಕಿತ್ತುಹೋಗಿರುವುದನ್ನು ನೋಡಿದರೆ ಸಾಕು. ನಾನು ಕೆಲಸಕ್ಕೆ ಸೇರಿದಾಗ ರಟ್ಟು ಕಿತ್ತುಹೋಗುತ್ತಿದ್ದದ್ದು ಕಾದಂಬರಿಗಳದ್ದು. ಆಮೇಲೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಕಾಲ ಬಂತು. ನಿವೃತ್ತಿಗೆ ಮುಂಚಿನ ಹತ್ತು ವರ್ಷದಲ್ಲಿ ಅವುಗಳ ಜೊತೆಗೆ ಇನ್ನೊಂದು ಬಗೆಯ ಪುಸ್ತಕವನ್ನು ಹುಡುಗರು ಕೇಳಿಕೊಂಡು ಬರತೊಡಗಿದರು. ಶ್ರೀಮಂತರಾಗುವುದು ಹೇಗೆ, ಹಣ ಉಳಿಸುವುದು ಹೇಗೆ, ಹಣವೇ ಹಣ ದುಡಿಯುವಂತೆ ಮಾಡುವುದು ಹೇಗೆ ಎಂದು ಹೇಳುವ ಪುಸ್ತಕಗಳು. ಕೆಲವು ಇಂಗ್ಲಿಷಿನವು, ಕೆಲವು ಕನ್ನಡಕ್ಕೆ ಅನುವಾದವಾದವು. ಡ್ಯೂಯಿ ವರ್ಗೀಕರಣದಲ್ಲಿ ಇವುಗಳ ಸಂಖ್ಯೆ 332.024. ಕೇಳಿದವರಿಗೆಲ್ಲ ಹುಡುಕಿ ಕೊಟ್ಟೆ. ಕೊಡುವ ಮೊದಲು ನಾನೂ ಓದಿದೆ. ಪುಸ್ತಕ ವಾಪಸು ತಂದವರ ಮಾತನ್ನೂ ಕೇಳಿದೆ. ಈ ಪುಸ್ತಕಗಳು ಓದುವವರ ಮನಸ್ಸಿಗೆ ಏನು ಮಾಡುತ್ತವೆ ಎನ್ನುವುದು ಇವತ್ತಿನ ನನ್ನ ವಿಷಯ.

ಮೊದಲು ಇವು ಎಲ್ಲಿಂದ ಬಂದವು ನೋಡೋಣ. ಇದು ಇವತ್ತು ನಿನ್ನೆಯ ಸರಕಲ್ಲ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಎಂಬುವವರು 1758ರ ತಮ್ಮ ಪಂಚಾಂಗದ ಮುನ್ನುಡಿಯಾಗಿ ಹಣದ ಬಗ್ಗೆ ಒಂದು ಕಥೆ ಬರೆದರು. 'ದಿ ವೇ ಟು ವೆಲ್ತ್' ಎಂದು ಅದು ಹೆಸರಾಯಿತು. ಹರಾಜಿನ ಕಟ್ಟೆಯ ಹತ್ತಿರ ಜನ ಸೇರಿದ್ದಾರೆ. ಒಬ್ಬ ಮುದುಕ ಎದ್ದು ನಿಂತು, ದುಂದು ಮಾಡಬೇಡಿ, ಸಾಲ ಮಾಡಬೇಡಿ, ಮೈಮುರಿದು ದುಡಿಯಿರಿ ಎಂದು ಬುದ್ಧಿ ಹೇಳುತ್ತಾನೆ. ಜನ ತಲೆದೂಗಿ ಭೇಷ್ ಎನ್ನುತ್ತಾರೆ. ಹರಾಜು ಶುರುವಾದ ಕೂಡಲೇ ಎಲ್ಲರೂ ನುಗ್ಗಿ ಬೇಡದ್ದನ್ನೆಲ್ಲ ಕೊಳ್ಳುತ್ತಾರೆ! ಹೊಸ ಕೋಟಿಗೆ ಬಟ್ಟೆ ಕೊಳ್ಳಲು ಬಂದಿದ್ದ ಒಬ್ಬ ಮಾತ್ರ ಹಳೆಯ ಕೋಟನ್ನೇ ಇನ್ನಷ್ಟು ದಿನ ಹಾಕಿಕೊಳ್ಳೋಣ ಎಂದು ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ. ಹಣದ ಪುಸ್ತಕಗಳನ್ನು ಓದುವ ನಮ್ಮ ಹಣೆಬರಹವನ್ನು ಫ್ರಾಂಕ್ಲಿನ್ ಅಂದೇ ಬರೆದಿಟ್ಟಿದ್ದಾರೆ ಎಂದು ನನಗೆ ಅನ್ನಿಸುತ್ತದೆ.

ನೂರು ವರ್ಷದ ಮೇಲೆ, 1859ರಲ್ಲಿ, ಸ್ಯಾಮ್ಯುಯೆಲ್ ಸ್ಮೈಲ್ಸ್ ಅವರ 'ಸೆಲ್ಫ್-ಹೆಲ್ಪ್' ಬಂತು. ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಹಗಲು ದುಡಿದು ಸಂಜೆ ಒಟ್ಟಿಗೆ ಕುಳಿತು ಓದು ಕಲಿಯುತ್ತಿದ್ದ ಹುಡುಗರಿಗೆ ಮಾಡಿದ ಭಾಷಣಗಳಿಂದ ಹುಟ್ಟಿದ ಪುಸ್ತಕ ಅದು. 1926ರಲ್ಲಿ ಜಾರ್ಜ್ ಕ್ಲಾಸನ್ ಅವರ 'ದಿ ರಿಚೆಸ್ಟ್ ಮ್ಯಾನ್ ಇನ್ ಬ್ಯಾಬಿಲಾನ್' ಬಂತು. ದುಡಿದದ್ದರಲ್ಲಿ ಹತ್ತನೆಯ ಒಂದು ಪಾಲನ್ನು ಮೊದಲೇ ಎತ್ತಿಡು ಎನ್ನುವುದು ಅದರ ಮುಖ್ಯ ಮಾತು. ಮೊದಲು ಅದು ಸಣ್ಣ ಸಣ್ಣ ಕಿರುಹೊತ್ತಿಗೆಗಳಾಗಿ ಬಂದಿತ್ತು. ಅವನ್ನು ಜನರಿಗೆ ಹಂಚಿದವರು ಬ್ಯಾಂಕಿನವರು, ವಿಮಾ ಕಂಪನಿಯವರು. ಇದನ್ನು ಸ್ವಲ್ಪ ಗಮನಿಸಿ. ಉಳಿಸಿ ಎಂಬ ಬುದ್ಧಿಮಾತು ಒಳ್ಳೆಯದೇ. ಆದರೆ ಉಳಿಸಿದ್ದನ್ನು ತಂದಿಡಲು ಅಂಗಡಿ ತೆರೆದು ಕುಳಿತವರೇ ಆ ಮಾತನ್ನು ಹಂಚಿದರು. 1937ರಲ್ಲಿ, ಅಮೆರಿಕ ಮಹಾ ಆರ್ಥಿಕ ಕುಸಿತದಿಂದ ಇನ್ನೂ ಪೂರ್ತಿ ಎದ್ದಿರದ ಹೊತ್ತಿನಲ್ಲಿ, ನೆಪೋಲಿಯನ್ ಹಿಲ್ ಅವರ 'ಥಿಂಕ್ ಆ್ಯಂಡ್ ಗ್ರೋ ರಿಚ್' ಬಂತು. ಮನಸ್ಸಿನಲ್ಲಿ ಉರಿಯುವ ಆಸೆಯಿದ್ದರೆ ಸಂಪತ್ತು ಬರುತ್ತದೆ ಎಂದು ಅದು ಹೇಳಿತು.

ನಮ್ಮ ಹುಡುಗರು ಹೆಚ್ಚು ಕೇಳುತ್ತಿದ್ದದ್ದು 1997ರಲ್ಲಿ ಬಂದ ರಾಬರ್ಟ್ ಕಿಯೊಸಾಕಿ ಅವರ 'ರಿಚ್ ಡ್ಯಾಡ್ ಪೂರ್ ಡ್ಯಾಡ್'. ಅದರಲ್ಲಿ ಇಬ್ಬರು ತಂದೆಯರು. ಒಬ್ಬರು ಲೇಖಕರ ಸ್ವಂತ ತಂದೆ. ಬಹಳ ಓದಿದವರು, ಹವಾಯಿಯ ಶಿಕ್ಷಣ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಇನ್ನೊಬ್ಬರು ಗೆಳೆಯನ ತಂದೆ. ಎಂಟನೆಯ ತರಗತಿಯನ್ನೂ ಮುಗಿಸದೆ ವ್ಯಾಪಾರದಲ್ಲಿ ಸಿರಿವಂತರಾದವರು. ಪುಸ್ತಕದಲ್ಲಿ ಬಡ ತಂದೆ ಯಾರು? ಆ ಶಿಕ್ಷಣ ಇಲಾಖೆಯವರು. ನನ್ನ ಎದುರಿಗೆ ಕುಳಿತಿರುವ ಗುರುಗಳು ಕ್ಷಮಿಸಬೇಕು, ಆ ಪುಸ್ತಕದ ಲೆಕ್ಕದಲ್ಲಿ ಈ ವೇದಿಕೆಯ ತುಂಬ ಬಡ ತಂದೆಯರೇ ಇದ್ದೀರಿ.

ಪುಸ್ತಕದಲ್ಲಿ ಒಳ್ಳೆಯದಿಲ್ಲ ಎಂದು ನಾನು ಹೇಳುವುದಿಲ್ಲ. ನಿಮ್ಮ ಜೇಬಿಗೆ ಹಣ ತರುವುದು ಆಸ್ತಿ, ಜೇಬಿನಿಂದ ಹಣ ಎಳೆಯುವುದು ಹೊರೆ ಎಂಬ ಸರಳ ವಿಂಗಡಣೆ ಅದರಲ್ಲಿದೆ. ಕಂತಿನ ಮೇಲೆ ತಂದ ಬೈಕನ್ನು ಆಸ್ತಿ ಎಂದುಕೊಂಡಿದ್ದ ಹುಡುಗನಿಗೆ ಆ ಒಂದು ಪುಟ ಕಣ್ಣು ತೆರೆಸಬಹುದು. ಆದರೆ ಅದೇ ಲೇಖಕರು ಪುಸ್ತಕಕ್ಕೆ ಮೊದಲೇ, 1996ರಲ್ಲಿ, 'ಕ್ಯಾಶ್‌ಫ್ಲೋ' ಎಂಬ ಹಣದ ಆಟವೊಂದನ್ನು ಮಾರಾಟಕ್ಕೆ ತಂದಿದ್ದರು. ಆಟಕ್ಕೆ ಪುಸ್ತಕ ಪ್ರಚಾರ, ಪುಸ್ತಕಕ್ಕೆ ತರಬೇತಿ ಶಿಬಿರಗಳು ಬಾಲ. 2012ರಲ್ಲಿ ಅವರ ಕಂಪನಿಗಳಲ್ಲಿ ಒಂದು ಅಮೆರಿಕದ ನ್ಯಾಯಾಲಯದಲ್ಲಿ ದಿವಾಳಿ ಅರ್ಜಿ ಹಾಕಿತು. ಪುಸ್ತಕ ಕೇಳಲು ಬಂದ ಹುಡುಗರಿಗೆ ಇದನ್ನೂ ಹೇಳಿಯೇ ಪುಸ್ತಕ ಕೊಡುತ್ತಿದ್ದೆ.

ಒಂದು ದಿನ ಡಿಪ್ಲೊಮಾ ಓದುತ್ತಿದ್ದ ಹುಡುಗನೊಬ್ಬ ಆ ಪುಸ್ತಕ ವಾಪಸು ಕೊಡುತ್ತಾ, "ಮೇಡಂ, ನಮ್ಮಪ್ಪ ಪಕ್ಕಾ ಪೂರ್ ಡ್ಯಾಡು" ಅಂದ. ಮಾತಿನಲ್ಲಿ ನಗುವಿತ್ತು, ತಾತ್ಸಾರವೂ ಇತ್ತು. ಅವರ ಮನೆ ನನಗೆ ಗೊತ್ತು. ಎರಡು ಎಕರೆ ತೆಂಗು, ಅದರ ನಡುವೆ ಒಂದಿಷ್ಟು ರಾಗಿ, ಎರಡು ಹಸು. ನಾನು ಬೈಯಲಿಲ್ಲ. "ಆಯ್ತಪ್ಪ, ಪುಸ್ತಕದಲ್ಲಿ ಹೇಳಿದ ಹಾಗೇ ನಿಮ್ಮಪ್ಪನ ಲೆಕ್ಕ ಬರ್ಕೊಂಡು ಬಾ. ಐದು ವರ್ಷದ್ದು ಸಾಕು. ಬಂದದ್ದು ಒಂದು ಕಡೆ, ಹೋದದ್ದು ಒಂದು ಕಡೆ" ಎಂದು ಕಾಗದ ಕೊಟ್ಟು ಕಳಿಸಿದೆ.

ಮೂರು ವಾರ ಅವನ ಪತ್ತೆ ಇರಲಿಲ್ಲ. ಆಮೇಲೆ ಬಂದ. ಬರೆದುಕೊಂಡು ಬಂದಿದ್ದ. ಎರಡು ಕೊಳವೆಬಾವಿ ಕೊರೆಸಿದ್ದಾರೆ, ಒಂದರಲ್ಲಿ ನೀರು ಬಿದ್ದಿಲ್ಲ. ಅಜ್ಜಿಯ ಕಣ್ಣಿನ ಪೊರೆ ತೆಗೆಸಿದ್ದಾರೆ. ಇವನ ಫೀಸು, ಬಸ್ ಪಾಸು, ಅಕ್ಕನ ಬಾಣಂತನ. ಬಂದ ಕಡೆಯಲ್ಲಿ ಡೇರಿಯ ಹಾಲಿನ ದುಡ್ಡು, ವರ್ಷಕ್ಕೊಂದು ಸಾರಿ ಕೊಬ್ಬರಿಯ ದುಡ್ಡು. ಅವನಿಗೆ ಆಶ್ಚರ್ಯವಾಗಿದ್ದು ಬೇರೆ ಒಂದು ಸಾಲು. ಅಪ್ಪ ಪ್ರತಿ ವರ್ಷ ಸಹಕಾರ ಸಂಘದಲ್ಲಿ ಬೆಳೆ ಸಾಲ ತೆಗೆಯುತ್ತಾನೆ, ಪ್ರತಿ ವರ್ಷ ಗಡುವಿಗೆ ಮುಂಚೆ ಕಟ್ಟುತ್ತಾನೆ. ನಮ್ಮ ರಾಜ್ಯದಲ್ಲಿ ಗಡುವಿನೊಳಗೆ ಕಟ್ಟಿದ ಅಲ್ಪಾವಧಿ ಬೆಳೆ ಸಾಲಕ್ಕೆ ಬಡ್ಡಿ ಇಲ್ಲ. ಐದು ವರ್ಷವೂ ಆ ಮನುಷ್ಯ ಒಂದು ಪೈಸೆ ಬಡ್ಡಿ ಕೊಡದೆ ಬೇಸಾಯ ನಡೆಸಿದ್ದಾನೆ. "ಇದು ಪುಸ್ತಕದಲ್ಲಿ ಎಲ್ಲೂ ಇಲ್ಲ ಮೇಡಂ" ಅಂದ ಹುಡುಗ. ಅವನಪ್ಪ ಸಿರಿವಂತನಾಗಲಿಲ್ಲ ಎನ್ನುವುದು ನಿಜ. ಲೆಕ್ಕ ಗೊತ್ತಿಲ್ಲದವನಾಗಿ ಬಡವನಾಗಿರಲಿಲ್ಲ ಎನ್ನುವುದೂ ಅಷ್ಟೇ ನಿಜ.

ಈ ಪುಸ್ತಕಗಳ ತೊಂದರೆ ಇರುವುದು ಇಲ್ಲೇ. ಬಡತನವೆಂದರೆ ಯೋಚನೆಯ ದೋಷ, ಸಿರಿತನವೆಂದರೆ ಮನಸ್ಸಿನ ಗುಣ ಎಂದು ಅವು ಹೇಳದೆಯೇ ಹೇಳುತ್ತವೆ. ಮಳೆ ಬರಲಿಲ್ಲ, ಕೊಬ್ಬರಿಯ ಬೆಲೆ ಬಿತ್ತು, ಮನೆಯಲ್ಲಿ ಒಬ್ಬರು ಆಸ್ಪತ್ರೆ ಸೇರಿದರು ಎನ್ನುವ ಸಂಗತಿಗಳಿಗೆ ಅವುಗಳಲ್ಲಿ ಜಾಗವೇ ಇಲ್ಲ. ಹಾಗೆ ಓದಿದ ಮಗನಿಗೆ ಅಪ್ಪ ದಡ್ಡನಾಗಿ ಕಾಣುತ್ತಾನೆ. ಹಾಗೆ ಓದಿದ ಅಪ್ಪ ತಾನೇ ಕೆಟ್ಟವನೆಂದು ಕೊರಗುತ್ತಾನೆ. ಎರಡನ್ನೂ ನಾನು ನೋಡಿದ್ದೇನೆ.

ಇನ್ನೊಂದು ಮಾತು. ಈ ಪುಸ್ತಕಗಳ ಲೆಕ್ಕವೆಲ್ಲ ತಿಂಗಳ ಸಂಬಳದ ಲೆಕ್ಕ. ಒಂದನೇ ತಾರೀಖು ಹಣ ಬರುತ್ತದೆ, ಹತ್ತನೆಯ ಒಂದು ಪಾಲು ಎತ್ತಿಡು ಎನ್ನುತ್ತವೆ. ನಮ್ಮ ಸೀಮೆಯಲ್ಲಿ ತೆಂಗಿನಕಾಯಿ ಕಿತ್ತು ಅಟ್ಟಕ್ಕೆ ಹಾಕಿದರೆ, ಒಳಗೇ ಒಣಗಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ತಿಪಟೂರು ಮಾರುಕಟ್ಟೆಗೆ ಹೋದ ದಿನ ಹಣ. ಅಲ್ಲಿಯವರೆಗೆ ಅಟ್ಟವೇ ನಮ್ಮ ಠೇವಣಿ. ಅದಕ್ಕೆ ಬಡ್ಡಿ ಇಲ್ಲ, ಬೆಲೆ ಏರಿಳಿತದ ಭಯ ಇದೆ, ಆದರೂ ಮಗಳ ಮದುವೆಗೋ ಫೀಸಿಗೋ ಅದೇ ಆಧಾರ. ನನ್ನ ಹತ್ತಿರ ಬರುತ್ತಿದ್ದ ಹೊಲಿಗೆಯ ಹೆಣ್ಣುಮಗಳೊಬ್ಬಳು ಕ್ಲಾಸನ್ ಅವರ ಪುಸ್ತಕವನ್ನು ಓದಿ ಚೆನ್ನಾಗಿ ಬದಲಿಸಿಕೊಂಡಳು. "ನನಗೆ ತಿಂಗಳು ಅನ್ನೋದಿಲ್ಲ ಮೇಡಂ. ಮದುವೆ ಕಾಲದಲ್ಲಿ ಕೈತುಂಬ ಕೆಲಸ, ಆಷಾಢದಲ್ಲಿ ಏನೂ ಇಲ್ಲ. ಅದಕ್ಕೆ ತಿಂಗಳ ಲೆಕ್ಕ ಬಿಟ್ಟೆ. ಹತ್ತು ರವಿಕೆ ಹೊಲಿದರೆ ಒಂದು ರವಿಕೆಯ ಕೂಲಿ ಅಂಚೆ ಕಚೇರಿಗೆ" ಅಂದಳು. ಪುಸ್ತಕ ಓದುವುದು ಎಂದರೆ ಇದು ಎಂದು ನನಗೆ ಅನ್ನಿಸಿತು.

ಪುಸ್ತಕಗಳಲ್ಲಿ ನಾಯಕ ಯಾವಾಗಲೂ ಒಂಟಿ. ಒಬ್ಬನೇ ಉಳಿಸುತ್ತಾನೆ, ಒಬ್ಬನೇ ಗೆಲ್ಲುತ್ತಾನೆ. ನಮ್ಮ ನಾಡಿನಲ್ಲಿ ಹಣದ ಬುದ್ಧಿ ಜನರೊಟ್ಟಿಗೆ ಬೆಳೆದದ್ದು. 1904ರ ಸಹಕಾರ ಕಾಯ್ದೆಯ ಮರುವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದಲ್ಲೇ ಅದು ಮೊದಲನೆಯದು. 1925ರಲ್ಲಿ ಉಡುಪಿಯಲ್ಲಿ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಏಜೆಂಟರು ಮನೆಬಾಗಿಲಿಗೇ ಬಂದು ಕಟ್ಟಿಸಿಕೊಳ್ಳುತ್ತಿದ್ದರು. ಹನಿಗೂಡಿದರೆ ಹಳ್ಳ ಎಂಬ ಗಾದೆಗೆ ಒಂದು ಪಾಸ್‌ಬುಕ್ ಸಿಕ್ಕಿತು. ಇವತ್ತಿನ ಸ್ತ್ರೀಶಕ್ತಿ ಸಂಘಗಳೂ ಅದೇ ದಾರಿಯವು. ಈ ಸಭೆಯ ಮಹಿಳೆಯರಲ್ಲಿ ಸಂಘದ ವಾರದ ಕಂತು ಕಟ್ಟದವರು ಎಷ್ಟು ಜನ ಇದ್ದೀರಿ? ಕೈ ಎತ್ತಿದರೆ ಕಡಿಮೆಯೇ ಕಾಣಬಹುದು.

ಮುಯ್ಯಿಯನ್ನೇ ತೆಗೆದುಕೊಳ್ಳಿ. ಪುಸ್ತಕದ ಪ್ರಕಾರ ಅದು ಬರೀ ಖರ್ಚು. ನಮ್ಮ ಮನೆಗಳ ಮುಯ್ಯಿಪುಸ್ತಕ ತೆರೆದು ನೋಡಿ. ಯಾರ ಮದುವೆಗೆ ಎಷ್ಟು ಬಂತು, ಯಾರಿಗೆ ಎಷ್ಟು ಹಾಕಬೇಕು ಎಲ್ಲ ಇರುತ್ತದೆ. ಕಷ್ಟದ ದಿನ ಹತ್ತಾರು ಮನೆಗಳಿಂದ ಒಟ್ಟಿಗೆ ವಾಪಸು ಬರುವ ಹಣ ಅದು. ಹಾಗೆಂದು ಸಾಲ ಮಾಡಿ ಮೂರು ದಿನದ ಮದುವೆ ಮಾಡಿ ಎಂದು ನಾನು ಹೇಳುತ್ತಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಇದೇ ಊರಿನಲ್ಲಿ. ಆ ವಿಷಯದಲ್ಲಿ ಪುಸ್ತಕಗಳು ನಮ್ಮನ್ನು ಬೈದರೆ ಬೈಸಿಕೊಳ್ಳಬೇಕು.

ಶಾಲೆಯಲ್ಲಿ ಹಣದ ಪಾಠ ಹೇಳುವುದಿಲ್ಲ ಎನ್ನುವುದು ಈ ಪುಸ್ತಕಗಳ ಇನ್ನೊಂದು ದೂರು. ಅರ್ಧ ನಿಜ. ಆದರೆ ನಮಗೆ ಎಂಟನೆಯ ತರಗತಿಯಲ್ಲಿ ಗಣಿತ ಹೇಳಿದ ಮೇಷ್ಟ್ರು ಚಕ್ರಬಡ್ಡಿಯ ಸೂತ್ರ ಬರೆದ ಮೇಲೆ ಪುಸ್ತಕದ ಲೆಕ್ಕ ಬಿಟ್ಟು ಊರಿನ ಲೆಕ್ಕ ಹಾಕಿಸಿದರು. "ನೂರಕ್ಕೆ ಮೂರು ಅಂತ ಕೈಸಾಲ ತರ್ತೀರಲ್ಲ, ವರ್ಷಕ್ಕೆ ಎಷ್ಟಾಯ್ತು?" ನೂರಕ್ಕೆ 36. "ಬಡ್ಡಿ ಕಟ್ಟದೆ ಅಸಲಿಗೆ ಸೇರಿಸುತ್ತಾ ಹೋದರೆ ಹತ್ತು ಸಾವಿರ ಇಪ್ಪತ್ತು ಸಾವಿರ ಆಗೋಕೆ ಎಷ್ಟು ತಿಂಗಳು?" ನಾವು ಹೋ ಎಂದು ಹತ್ತು ವರ್ಷ ಎಂದೆವು. ಅವರು 72ನ್ನು ಬಡ್ಡಿಯ ದರದಿಂದ ಭಾಗಿಸಲು ಹೇಳಿದರು. 72ನ್ನು 3ರಿಂದ ಭಾಗಿಸಿದರೆ 24. ಇಪ್ಪತ್ನಾಲ್ಕೇ ತಿಂಗಳು! ಅದೇ ಸೂತ್ರ ಉಳಿತಾಯಕ್ಕೂ ಬರುತ್ತದೆ. ವರ್ಷಕ್ಕೆ ನೂರಕ್ಕೆ 6ರಂತೆ ಇಟ್ಟರೆ ದುಪ್ಪಟ್ಟಾಗಲು 12 ವರ್ಷ. ಸಾಲ ಎರಡೇ ವರ್ಷದಲ್ಲಿ ಬೆಳೆಯುವಷ್ಟಕ್ಕೆ ಉಳಿತಾಯಕ್ಕೆ ಹನ್ನೆರಡು ವರ್ಷ ಬೇಕು. ಮೊದಲು ಕೈಸಾಲ ತೀರಿಸಿ, ಆಮೇಲೆ ಉಳಿಸುವ ಮಾತಾಡಿ ಎಂದು ಯಾವ ಪುಸ್ತಕವೂ ಇದಕ್ಕಿಂತ ಚೆನ್ನಾಗಿ ಹೇಳಲಾರದು. ಆ ಮೇಷ್ಟ್ರು ಕಿಯೊಸಾಕಿಯವರ ಲೆಕ್ಕದಲ್ಲಿ ಬಡ ತಂದೆ. ನಮ್ಮ ತರಗತಿಯ ಎಷ್ಟು ಮನೆಗಳನ್ನು ಆ ಒಂದು ಗಂಟೆಯ ಪಾಠ ಮೀಟರ್ ಬಡ್ಡಿಯಿಂದ ದೂರ ಇಟ್ಟಿತೋ, ಆ ಆಸ್ತಿ ಯಾವ ಕಾಲಂನಲ್ಲಿ ಬರೆಯುವುದು?

ಈಗ ಪುಸ್ತಕದ ಜಾಗಕ್ಕೆ ಫೋನು ಬಂದಿದೆ. ಇನ್ನೂರು ಪುಟದ ಮಾತು ಒಂದು ನಿಮಿಷದ ವಿಡಿಯೊ ಆಗಿದೆ. ಸಂಬಳ ಗುಲಾಮಗಿರಿ, ಟ್ರೇಡಿಂಗ್ ಮಾಡು ಎನ್ನುತ್ತದೆ. ಮಕ್ಕಳೇ, ಒಂದೇ ಒಂದು ಅಂಕಿಅಂಶ ನೆನಪಿಟ್ಟುಕೊಳ್ಳಿ. ಷೇರುಪೇಟೆಯ ಮೇಲ್ವಿಚಾರಣೆ ಮಾಡುವ ಸೆಬಿ 2024ರ ಸೆಪ್ಟೆಂಬರಿನಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 2021-22ರಿಂದ 2023-24ರವರೆಗೆ ಮೂರು ವರ್ಷ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ಮಾಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ನೂರಕ್ಕೆ 93 ಜನ ನಷ್ಟ ಅನುಭವಿಸಿದ್ದರು. ಸೋತವರ ಸರಾಸರಿ ನಷ್ಟ ಸುಮಾರು 2 ಲಕ್ಷ ರೂಪಾಯಿ. ಆ 93 ಜನರಲ್ಲಿ ವಿಡಿಯೊ ಮಾಡುವವರು ಕಡಿಮೆ. ಉಳಿದ ಏಳು ಜನರ ಮಾತೇ ನಮ್ಮ ಕಿವಿಗೆ ಬೀಳುವುದು.

ಒಳ್ಳೆಯ ಪುಸ್ತಕಗಳೂ ಇವೆ. 1996ರಲ್ಲಿ ಥಾಮಸ್ ಸ್ಟ್ಯಾನ್ಲಿ, ವಿಲಿಯಂ ಡ್ಯಾಂಕೊ ಅವರು ಬರೆದ 'ದಿ ಮಿಲಿಯನೇರ್ ನೆಕ್ಸ್ಟ್ ಡೋರ್' ಅಮೆರಿಕದ ಸಿರಿವಂತರನ್ನು ವಿಚಾರಿಸಿ ನೋಡಿ, ಅವರಲ್ಲಿ ಬಹಳ ಜನ ಡೌಲು ಮಾಡದೆ ಸಾಧಾರಣವಾಗಿ ಬದುಕುವವರು ಎಂದು ತೋರಿಸಿತು. 2018ರಲ್ಲಿ ಮೋನಿಕಾ ಹಾಲನ್ ಅವರು ಬರೆದ 'ಲೆಟ್ಸ್ ಟಾಕ್ ಮನಿ' ನಮ್ಮ ದೇಶದ ವಿಮೆ, ಠೇವಣಿ, ಮ್ಯೂಚುವಲ್ ಫಂಡುಗಳ ಲೆಕ್ಕವನ್ನೇ ಹೇಳುತ್ತದೆ. 2020ರಲ್ಲಿ ಮಾರ್ಗನ್ ಹೌಸೆಲ್ ಅವರ 'ದಿ ಸೈಕಾಲಜಿ ಆಫ್ ಮನಿ' ಬಂತು. ಅದರ ಮೊದಲಲ್ಲೇ ರೊನಾಲ್ಡ್ ರೀಡ್ ಎಂಬುವರ ಕಥೆ ಬರುತ್ತದೆ. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಪೆಟ್ರೋಲ್ ಬಂಕಿನಲ್ಲಿ ವಾಹನ ರಿಪೇರಿ ಮಾಡಿ, ಆಮೇಲೆ ಅಂಗಡಿಯಲ್ಲಿ ಕಸ ಗುಡಿಸಿ ಬದುಕಿದವರು. 2014ರಲ್ಲಿ 92ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆಮೇಲೆ ಗೊತ್ತಾಯಿತು, ಸಣ್ಣಸಣ್ಣದಾಗಿ ಉಳಿಸಿ ಷೇರು ಕೊಂಡು ದಶಕಗಟ್ಟಲೆ ಮುಟ್ಟದೆ ಇಟ್ಟು ಸುಮಾರು 80 ಲಕ್ಷ ಡಾಲರ್ ಕೂಡಿಸಿದ್ದರು. ಅದರಲ್ಲಿ 48 ಲಕ್ಷ ಡಾಲರ್ ಊರಿನ ಆಸ್ಪತ್ರೆಗೆ, 12 ಲಕ್ಷ ಡಾಲರ್ ಊರಿನ ಗ್ರಂಥಾಲಯಕ್ಕೆ ಬರೆದಿದ್ದರು. ಗ್ರಂಥಾಲಯದವಳಾದ ನನಗೆ ಆ ಪುಟದಲ್ಲಿ ಸ್ವಲ್ಪ ಹೊತ್ತು ಕಣ್ಣು ನಿಂತಿತು.

ಹಾಗಾದರೆ ಇಂಥ ಪುಸ್ತಕವನ್ನು ಹೇಗೆ ಓದಬೇಕು? ನಾನು ಓದುಗರಿಗೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಲು ಹೇಳುತ್ತಿದ್ದೆ. ಒಂದು, ಬರೆದವರು ಪುಸ್ತಕವಲ್ಲದೆ ಇನ್ನೇನನ್ನು ಮಾರುತ್ತಾರೆ? ಎರಡು, ಇದರಲ್ಲಿರುವ ತೆರಿಗೆ, ಮನೆಸಾಲ, ಪಿಂಚಣಿಯ ಲೆಕ್ಕ ಯಾವ ದೇಶದ್ದು? ಮೂರು, ಇದೇ ಬುದ್ಧಿಮಾತು ಕೇಳಿ ಸೋತವರು ಒಬ್ಬರಾದರೂ ಇದರಲ್ಲಿ ಇದ್ದಾರೆಯೇ? ನಾಲ್ಕು, ಓದಿ ಮುಗಿಸಿದ ಮೇಲೆ ನನ್ನ ಮನೆಯವರ ದುಡಿಮೆ ನನಗೆ ಹೆಚ್ಚು ಅರ್ಥವಾಯಿತೋ, ಅದರ ಮೇಲೆ ತಾತ್ಸಾರ ಹುಟ್ಟಿತೋ? ತಾತ್ಸಾರ ಹುಟ್ಟಿದ್ದರೆ ಪುಸ್ತಕವನ್ನು ಪಕ್ಕಕ್ಕಿಟ್ಟು ಮನೆಯ ಲೆಕ್ಕವನ್ನು ಒಂದು ಸಾರಿ ಬರೆದು ನೋಡಿ.

ಈ ಪುಸ್ತಕಗಳಿಂದ ಆದ ಒಂದು ದೊಡ್ಡ ಉಪಕಾರವನ್ನು ಮಾತ್ರ ನಾನು ಮರೆಯುವುದಿಲ್ಲ. ಹಣದ ಬಗ್ಗೆ ಮನೆಯಲ್ಲಿ ಬಾಯಿ ಬಿಟ್ಟು ಮಾತಾಡಬಹುದು ಎಂದು ಅವು ಕಲಿಸಿದವು. ನಮ್ಮಲ್ಲಿ ಗಂಡನ ಸಾಲ ಹೆಂಡತಿಗೆ ಗೊತ್ತಾಗುವುದು ಸಾಲಗಾರ ಜಗಲಿಗೆ ಬಂದು ಕುಳಿತಾಗ. ಹೆಂಡತಿ ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟದ್ದು ಗಂಡನಿಗೆ ಗೊತ್ತಾಗುವುದು ಮಗು ಆಸ್ಪತ್ರೆ ಸೇರಿದಾಗ. ಮನೆಯ ಯಜಮಾನ ತೀರಿಕೊಂಡ ಮೇಲೆ ವಿಮೆಯ ಬಾಂಡ್ ಎಲ್ಲಿದೆ, ಖಾತೆಗೆ ನಾಮಿನಿ ಯಾರು ಎಂದು ತಿಳಿಯದೆ ಗ್ರಂಥಾಲಯದ ಮೇಜಿನ ಮುಂದೆ ಬಂದು ಅರ್ಜಿ ಬರೆಸಿಕೊಂಡ ತಾಯಂದಿರನ್ನು ನಾನು ಕಂಡಿದ್ದೇನೆ. ಇವತ್ತು ಮನೆಗೆ ಹೋದ ಮೇಲೆ ಪಾಸ್‌ಬುಕ್ಕು, ವಿಮೆ ಕಾಗದ, ಪಹಣಿ, ಸಾಲದ ಚೀಟಿ ಎಲ್ಲವನ್ನೂ ಮನೆಯವರೆಲ್ಲ ಕುಳಿತು ಒಮ್ಮೆ ನೋಡಿ. ದೊಡ್ಡ ಮಕ್ಕಳನ್ನೂ ಕೂರಿಸಿಕೊಳ್ಳಿ.

ಕೊನೆಗೆ ಒಂದು ಬಿನ್ನಹ. ಸುವರ್ಣ ಮಹೋತ್ಸವದ ನೆನಪಿಗೆ ರಂಗಮಂದಿರ, ಕಮಾನು ಎಂದೆಲ್ಲ ಯೋಚನೆಯಿದೆ ಎಂದು ಕೇಳಿದೆ. ಆಗಲಿ. ಅದರ ಜೊತೆಗೆ ಶಾಲೆಯ ಗ್ರಂಥಾಲಯದಲ್ಲಿ ಹಣದ ಪುಸ್ತಕಗಳ ಒಂದು ಕಪಾಟು ಇರಲಿ. ನಾನು ಹೆಸರಿಸಿದ ಪುಸ್ತಕಗಳೂ ಇರಲಿ, ಕಿಯೊಸಾಕಿಯವರದ್ದೂ ಇರಲಿ. ಬೀಗ ಹಾಕಿದ ಕಪಾಟು ಬೇಡ. ತಿಂಗಳಿಗೆ ಒಂದು ಶನಿವಾರ ಗಣಿತದ ಗುರುಗಳು ಒಂಬತ್ತನೆಯ ತರಗತಿಯ ಮಕ್ಕಳಿಂದ ಊರಿನ ಲೆಕ್ಕ ಹಾಕಿಸಲಿ. ಬ್ಯಾಂಕಿನಲ್ಲಿ, ಸಹಕಾರ ಸಂಘದಲ್ಲಿ, ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದ ಹಳೆಯ ವಿದ್ಯಾರ್ಥಿಗಳು ಸರದಿಯಂತೆ ಬಂದು ಜೊತೆಗೆ ಕುಳಿತುಕೊಳ್ಳಲಿ. ಮೊದಲ ಮೂರು ತಿಂಗಳ ಶನಿವಾರಗಳಿಗೆ ನಾನು ಬರುತ್ತೇನೆ, ಕಪಾಟಿನ ಮೊದಲ ಇಪ್ಪತ್ತು ಪುಸ್ತಕಗಳನ್ನು ನಾನೇ ತರುತ್ತೇನೆ. ಮುಖ್ಯೋಪಾಧ್ಯಾಯರು ಒಂದು ಖಾಲಿ ಗೋಡೆ ತೋರಿಸಿದರೆ ಸಾಕು.

ಊಟದ ಹೊತ್ತಾಗಿದೆ, ಅಡುಗೆಯವರು ಆಗಲೇ ಎರಡು ಸಾರಿ ಇಣುಕಿ ಹೋದರು.